ಓದುಗರ ಪ್ರಶ್ನೆ, ನಮ್ಮ ಉತ್ತರ: ಟೂಲ್ ಬರೆಯಲು ಯಾವ ಭಾಷೆ, ಕೊಳ್ಳಲು ಯಾವ ಕಾರ್ಡ್?

ಈ ಸಲ ಶಿವಮೊಗ್ಗ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ವಿಷಯಗಳ ಬಗ್ಗೆ ಇದ್ದವು. ಡೆವಲಪರ್‌ಗಳು ಬಳಸುವ ಟೂಲ್‌ಗಳನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬೇಕು ಎಂಬುದು ಒಂದು. ಗ್ರಾಫಿಕ್ಸ್ ಕಾರ್ಡ್‌ಗಳ ಮಾರುಕಟ್ಟೆ ಏಕೆ ಹೀಗಿದೆ, ಅದರಲ್ಲಿ ನಾವು ಯಾವುದನ್ನು ಕೊಳ್ಳಬೇಕು ಎಂಬುದು ಇನ್ನೊಂದು. ಇವೆರಡೂ ಬೇರೆ ಬೇರೆ ವಿಷಯಗಳಂತೆ ಕಂಡರೂ ಒಂದರ ಉತ್ತರ ಇನ್ನೊಂದಕ್ಕೆ ಹಾದುಹೋಗುತ್ತದೆ. ಆದ್ದರಿಂದ ಆರು ಪತ್ರಗಳನ್ನು ಆಯ್ದು ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಸಾಗರದಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುವ ವೆಬ್ ಡೆವಲಪರ್. ಜಾವಾಸ್ಕ್ರಿಪ್ಟ್‌ನಲ್ಲಿದ್ದ ಟೂಲ್‌ಗಳನ್ನೆಲ್ಲ ಈಗ ರಸ್ಟ್ ಅಥವಾ ಗೋ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಿದ್ದಾರೆ. ಹೀಗೇಕೆ? ಎಲ್ಲರೂ ರಸ್ಟ್ ಹೊಗಳುತ್ತಿರುವಾಗ ಟೈಪ್‌ಸ್ಕ್ರಿಪ್ಟ್ ತಂಡ ಗೋ ಆರಿಸಿಕೊಂಡದ್ದೇಕೆ? ನಾನು ರಸ್ಟ್ ಕಲಿಯಲೇಬೇಕೆ?

ಉತ್ತರ: 2009ರಲ್ಲಿ ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಬಂದ ಮೇಲೆ ಜಾವಾಸ್ಕ್ರಿಪ್ಟ್ ಬರೆಯುವವರು ತಮಗೆ ಬೇಕಾದ ಟೂಲ್‌ಗಳನ್ನೂ ಅದೇ ಭಾಷೆಯಲ್ಲಿ ಬರೆದುಕೊಂಡರು. ವೆಬ್‌ಪ್ಯಾಕ್, ಬೇಬಲ್, ಇಎಸ್‌ಲಿಂಟ್ ಮೂರೂ ಹಾಗೆ ಹುಟ್ಟಿದವು. ಟೂಲ್ ಬಳಸುವವನೇ ಅದನ್ನು ಬಿಚ್ಚಿ ನೋಡಬಲ್ಲ, ತನಗೆ ಬೇಕಾದ ಪ್ಲಗಿನ್ ಬರೆದುಕೊಳ್ಳಬಲ್ಲ ಎಂಬುದು ಆ ಕಾಲದ ದೊಡ್ಡ ಲಾಭವಾಗಿತ್ತು. ಆದರೆ ಪ್ರಾಜೆಕ್ಟುಗಳು ಲಕ್ಷಗಟ್ಟಲೆ ಸಾಲಿಗೆ ಬೆಳೆದಾಗ ಕಷ್ಟ ಶುರುವಾಯಿತು. ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಪ್ರತಿ ಸಲ ಶುರುವಾದಾಗಲೂ ಮೊದಲು ನಿಧಾನವಾಗಿ ಓಡಿ, ಯಾವ ಭಾಗ ಮತ್ತೆ ಮತ್ತೆ ಬರುತ್ತದೆ ಎಂದು ಎಂಜಿನ್ ಗುರುತಿಸಿದ ಮೇಲಷ್ಟೇ ಆ ಭಾಗ ಯಂತ್ರಭಾಷೆಗೆ ತಿರುಗಿ ವೇಗ ಪಡೆಯುತ್ತದೆ. ದಿನವಿಡೀ ಓಡುವ ಸರ್ವರಿಗೆ ಇದರಿಂದ ನಷ್ಟವಿಲ್ಲ. ಹತ್ತು ಸೆಕೆಂಡು ಓಡಿ ಮುಗಿಯುವ, ಕೋಡನ್ನು ಪರಿಶೀಲಿಸಿ ಬೇರೆ ರೂಪಕ್ಕೆ ತಿರುಗಿಸುವ ಕಂಪೈಲರಿಗೆ ಅದು ದೊಡ್ಡ ಹೊರೆ. ಜೊತೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದೇ ಮೆಮೊರಿಯನ್ನು ಹಲವು ಥ್ರೆಡ್‌ಗಳು ಸಲೀಸಾಗಿ ಹಂಚಿಕೊಳ್ಳಲಾಗದ ಕಾರಣ, ನಿಮ್ಮ ಪ್ರೊಸೆಸರಿನಲ್ಲಿ ಎಂಟು ಕೋರ್ ಇದ್ದರೂ ಟೂಲ್ ಬಹುಮಟ್ಟಿಗೆ ಒಂದರಲ್ಲೇ ಓಡುತ್ತದೆ.

2020ರಲ್ಲಿ ಇವಾನ್ ವಾಲೇಸ್ ಅವರು ಗೋ ಭಾಷೆಯಲ್ಲಿ ಬರೆದ, ಜಾವಾಸ್ಕ್ರಿಪ್ಟ್ ಫೈಲುಗಳನ್ನು ಒಟ್ಟುಗೂಡಿಸುವ ಇಎಸ್‌ಬಿಲ್ಡ್ ಹೊರಬಂದಾಗ ವೇಗದ ಅಂತರ ಎಷ್ಟಿದೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಪೈಥಾನ್ ಕಡೆಯಲ್ಲೂ ಇದೇ ನಡೆಯಿತು. 2022ರಲ್ಲಿ ಕೋಡಿನಲ್ಲಿ ತಪ್ಪು ಹುಡುಕುವ ರಫ್ ಎಂಬ ಲಿಂಟರ್, 2024ರ ಫೆಬ್ರವರಿಯಲ್ಲಿ ಯುವಿ ಎಂಬ ಪ್ಯಾಕೇಜ್ ಮ್ಯಾನೇಜರ್ ಬಂದವು. ಎರಡನ್ನೂ ರಸ್ಟ್‌ನಲ್ಲಿ ಬರೆದದ್ದು ಆಸ್ಟ್ರಲ್ ಎಂಬ ಕಂಪನಿ.

ಟೈಪ್‌ಸ್ಕ್ರಿಪ್ಟ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭಾಷೆ ಆರಿಸುವ ಬಗೆಗೆ ಇತ್ತೀಚಿನ ವರ್ಷಗಳಲ್ಲಿ ಇಷ್ಟು ಬಿಚ್ಚಿಟ್ಟು ಕಾರಣ ಕೊಟ್ಟ ತಂಡ ಮತ್ತೊಂದಿಲ್ಲ ಎಂದು ನನಗನ್ನಿಸುತ್ತದೆ. ಜಾವಾಸ್ಕ್ರಿಪ್ಟ್‌ಗೆ ದತ್ತಾಂಶದ ಬಗೆಗಳನ್ನು (ಟೈಪ್) ಸೇರಿಸಿ ಮೈಕ್ರೋಸಾಫ್ಟ್ 2012ರಲ್ಲಿ ಬಿಡುಗಡೆ ಮಾಡಿದ ಟೈಪ್‌ಸ್ಕ್ರಿಪ್ಟ್‌ನ ಕಂಪೈಲರ್ ಟೈಪ್‌ಸ್ಕ್ರಿಪ್ಟ್‌ನಲ್ಲೇ ಬರೆಯಲ್ಪಟ್ಟಿತ್ತು. 2025ರ ಮಾರ್ಚ್‌ನಲ್ಲಿ ಆ ಭಾಷೆಯನ್ನು ರೂಪಿಸಿದ ಆಂಡರ್ಸ್ ಹೈಲ್ಸ್‌ಬರ್ಗ್ ಅವರು ಅದನ್ನು ಗೋ ಭಾಷೆಗೆ ತರುತ್ತಿರುವುದಾಗಿ ಪ್ರಕಟಿಸಿದರು. ಸುಮಾರು 15 ಲಕ್ಷ ಸಾಲುಗಳ ವಿಎಸ್ ಕೋಡ್ ಎಂಬ ಎಡಿಟರಿನ ಪ್ರಾಜೆಕ್ಟನ್ನು ಪರಿಶೀಲಿಸಲು ಹಳೆಯ ಕಂಪೈಲರಿಗೆ 77.8 ಸೆಕೆಂಡು ಬೇಕಾಗುತ್ತಿದ್ದರೆ ಹೊಸದಕ್ಕೆ 7.5 ಸೆಕೆಂಡು ಸಾಕಾಯಿತು. ಈ ಹತ್ತು ಪಟ್ಟಿನ ವೇಗದಲ್ಲಿ ಸರಿಸುಮಾರು ಅರ್ಧದಷ್ಟು ನೇರ ಯಂತ್ರಭಾಷೆಗೆ ಇಳಿದದ್ದರಿಂದ, ಉಳಿದರ್ಧ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಿದ್ದರಿಂದ ಬಂತು.

ಸಿ ಶಾರ್ಪ್ ಭಾಷೆಯನ್ನು ರೂಪಿಸಿದವರೇ ಹೈಲ್ಸ್‌ಬರ್ಗ್. ಆದರೂ ಅವರು ಅದನ್ನು ಆರಿಸಲಿಲ್ಲ, ರಸ್ಟನ್ನೂ ಆರಿಸಲಿಲ್ಲ. ಅವರಿಗೆ ಬೇಕಿದ್ದದ್ದು ಹೊಸ ಕಂಪೈಲರ್ ಅಲ್ಲ, ಹಳೆಯ ಕಂಪೈಲರೇ ಬೇರೆ ಭಾಷೆಯಲ್ಲಿ. ಹತ್ತು ವರ್ಷಕ್ಕೂ ಮೇಲ್ಪಟ್ಟು ಜಗತ್ತಿನ ಕೋಡೆಲ್ಲ ನೆಚ್ಚಿಕೊಂಡ ನಡವಳಿಕೆ ಒಂದಿಷ್ಟೂ ಬದಲಾಗಬಾರದಿತ್ತು. ಹಳೆಯ ಕೋಡಿನಲ್ಲಿ ಪ್ರೋಗ್ರಾಮಿನ ರಚನೆಯನ್ನು ಮರದಂತೆ ಇಟ್ಟಿರುತ್ತಾರೆ; ಅದರ ಒಂದು ಗಂಟು ತನ್ನ ಮಕ್ಕಳನ್ನು ತೋರಿಸುತ್ತದೆ, ಮಕ್ಕಳು ಮತ್ತೆ ತಾಯಿಯನ್ನು ತೋರಿಸುತ್ತವೆ. ಮೆಮೊರಿಯ ಪ್ರತಿಯೊಂದು ತುಣುಕಿಗೂ ಒಬ್ಬನೇ ಒಡೆಯನಿರಬೇಕು ಎನ್ನುವ ರಸ್ಟ್‌ನಲ್ಲಿ ಇಂಥ ಸುತ್ತುಬಳಸಿನ ರಚನೆಯನ್ನು ಇದ್ದ ಹಾಗೆಯೇ ಇಳಿಸಲಾಗುವುದಿಲ್ಲ, ಇಡೀ ವಿನ್ಯಾಸವನ್ನೇ ಮತ್ತೆ ಯೋಚಿಸಬೇಕಾಗುತ್ತದೆ. ಗೋದಲ್ಲಿ ಬೇಡವಾದ ಮೆಮೊರಿಯನ್ನು ತಾನೇ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಇದೆ, ಫಂಕ್ಷನ್‌ಗಳು ಮತ್ತು ಸರಳ ರಚನೆಗಳೇ ಅಲ್ಲಿಯ ಬರವಣಿಗೆಯ ರೀತಿ. ಹಳೆಯ ಕೋಡನ್ನು ಫೈಲಿಗೆ ಫೈಲು ಎದುರಿಟ್ಟುಕೊಂಡು ಇಳಿಸಲು ಅದು ಒಗ್ಗಿತು. ಅದೇ ಟೂಲನ್ನು ಯಾರಾದರೂ ಮೊದಲಿನಿಂದ ಬರೆಯುತ್ತಿದ್ದರೆ ರಸ್ಟ್ ಆರಿಸಿಕೊಂಡರೂ ಆಕ್ಷೇಪಿಸುವಂಥದ್ದೇನೂ ಇರುತ್ತಿರಲಿಲ್ಲ.

ಈ ಬದಲಾವಣೆಯಲ್ಲಿ ನಾವು ಕಳೆದುಕೊಳ್ಳುತ್ತಿರುವುದೂ ಒಂದಿದೆ, ಅದರ ಬಗ್ಗೆ ನನಗೆ ನಿಜವಾದ ಕಳವಳವಿದೆ. ಇಎಸ್‌ಲಿಂಟ್‌ನ ನಿಯಮವೊಂದು ಸರಿಯಿಲ್ಲವೆಂದು ಕಂಡರೆ ಜಾವಾಸ್ಕ್ರಿಪ್ಟ್ ಬಲ್ಲ ಯಾವ ವಿದ್ಯಾರ್ಥಿಯೂ ಅದರ ಕೋಡ್ ತೆರೆದು ಓದಬಹುದು, ತಿದ್ದಿ ಕಳಿಸಬಹುದು. ರಫ್‌ನ ನಿಯಮಗಳು ರಸ್ಟ್‌ನಲ್ಲಿವೆ. ಪೈಥಾನ್ ಮಾತ್ರ ಬಲ್ಲವರಿಗೆ ಅಲ್ಲಿ ಬಾಗಿಲು ಮುಚ್ಚಿದ ಹಾಗೆಯೇ. ನಮ್ಮ ಸಣ್ಣ ಊರುಗಳ ಹುಡುಗ ಹುಡುಗಿಯರು ದೊಡ್ಡ ಪ್ರಾಜೆಕ್ಟಿಗೆ ಮೊದಲ ಕಾಣಿಕೆ ಕೊಟ್ಟು ಹೆಸರು ಮಾಡಿಕೊಳ್ಳುವುದು ಇಂಥ ಟೂಲ್‌ಗಳ ಮೂಲಕವೇ ಆದ್ದರಿಂದ ಇದನ್ನು ಹಗುರವಾಗಿ ಕಾಣಬಾರದು.

ನಿಮ್ಮ ಕೊನೆಯ ಪ್ರಶ್ನೆಗೆ ಬಂದರೆ, ಈ ಟೂಲ್‌ಗಳನ್ನು ಬಳಸುವುದಕ್ಕಾಗಿ ರಸ್ಟ್ ಕಲಿಯಬೇಕಾಗಿಲ್ಲ. ಟೂಲ್ ಬರೆಯುವ ಆಸೆಯಿದ್ದರೆ ಮೊದಲು ಗೋ ಕಲಿಯಿರಿ. ಕೆಲವೇ ವಾರಗಳಲ್ಲಿ ಕೈಗೆ ಹತ್ತುವ ಭಾಷೆ ಅದು. ಕಂಪೈಲರ್ ನಿಮ್ಮನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸುವ ಶಿಸ್ತನ್ನು ಸಹಿಸುವ ತಾಳ್ಮೆ ಬಂದ ಮೇಲೆ ರಸ್ಟ್‌ಗೆ ಹೋಗಿ.

ಪ್ರಶ್ನೆ: ನಾವು ತೀರ್ಥಹಳ್ಳಿಯ ನಾಲ್ವರು ಗೆಳೆಯರು. ಸಹಕಾರ ಸಂಘವೊಂದರ ಹಳೆಯ ವರದಿಗಳು, ಸಭೆಯ ನಡಾವಳಿಗಳು ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿವೆ. ಅವನ್ನು ಯುನಿಕೋಡ್‌ಗೆ ಬದಲಾಯಿಸಲು ಪೈಥಾನ್‌ನಲ್ಲಿ ಒಂದು ಟೂಲ್ ಬರೆದಿದ್ದೇವೆ. ಅದನ್ನು ರಸ್ಟ್‌ಗೆ ಬದಲಾಯಿಸಬೇಕೆಂದು ಇಬ್ಬರು, ಬೇಡವೆಂದು ಇಬ್ಬರು. ದಯವಿಟ್ಟು ತೀರ್ಮಾನ ಹೇಳಿ.

ಉತ್ತರ: ಬೇಡವೆಂದವರ ಪಕ್ಷದಲ್ಲಿ ನಾನಿದ್ದೇನೆ. ಸಾವಿರ ಪುಟಗಳ ಕನ್ನಡ ಪಠ್ಯ ಯುನಿಕೋಡ್‌ನಲ್ಲಿ ಹತ್ತು ಮೆಗಾಬೈಟಿನೊಳಗೇ ಇರುತ್ತದೆ. ಪೈಥಾನ್ ಎಷ್ಟೇ ನಿಧಾನವೆಂದರೂ ಅಷ್ಟನ್ನು ನೀವು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸುತ್ತದೆ. ನಿಮ್ಮ ಹೊತ್ತು ಹೋಗುತ್ತಿರುವುದು ಯಂತ್ರ ಓಡುವುದರಲ್ಲಿ ಅಲ್ಲ, ಬದಲಾದ ಪಠ್ಯದಲ್ಲಿ ತಪ್ಪು ಹುಡುಕಿ ತಿದ್ದುವುದರಲ್ಲಿ. ಆ ತಪ್ಪುಗಳು ಎಲ್ಲಿಂದ ಬರುತ್ತವೆಂದು ನೋಡಿದರೆ ಭಾಷೆಯ ಆಯ್ಕೆಗೂ ಉತ್ತರ ಸಿಗುತ್ತದೆ.

‘ಶಿವಮೊಗ್ಗ’ ಎಂಬುದನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ ಶ, ಇಕಾರದ ಗುಡಿಸು, ವ, ಮ, ಒಕಾರದ ಚಿಹ್ನೆ, ಗ, ಹಲಂತ, ಮತ್ತೊಂದು ಗ ಎಂದು ಎಂಟು ಸಂಕೇತಗಳು. ಈ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟಿನಂತೆ 24 ಬೈಟುಗಳು. ಇದರ ಉದ್ದವೆಷ್ಟೆಂದು ಪೈಥಾನ್ ಅಥವಾ ಜಾವಾಸ್ಕ್ರಿಪ್ಟನ್ನು ಕೇಳಿದರೆ 8 ಎನ್ನುತ್ತವೆ, ಗೋ ಮತ್ತು ರಸ್ಟನ್ನು ಕೇಳಿದರೆ 24 ಎನ್ನುತ್ತವೆ. ಯಾವುದೂ ನಾಲ್ಕು ಎನ್ನುವುದಿಲ್ಲ. ಬೈಟಿನ ಲೆಕ್ಕದಲ್ಲಿ ಪಠ್ಯ ಕತ್ತರಿಸುವ ಕೋಡನ್ನು ಗೋದಲ್ಲಿ ಎಚ್ಚರ ತಪ್ಪಿ ಬರೆದರೆ ಅಕ್ಷರದ ನಡುವೆಯೇ ಕೊಯ್ದು ಚೂರು ಮಾಡುತ್ತದೆ. ರಸ್ಟ್ ಹಾಗೆ ಕೊಯ್ಯಲು ಬಿಡದೆ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ.

ಇನ್ನೊಂದು ತೊಡಕು ಒಕಾರದ್ದು. ಹಳೆಯ ಫಾಂಟುಗಳಲ್ಲಿ ‘ಮೊ’ ಎಂಬುದು ಎಕಾರ ಸೇರಿದ ‘ಮೆ’ಯ ಆಕೃತಿ ಮತ್ತು ಅದರ ಮುಂದೆ ಊಕಾರದ ಕೊಂಬಿನ ಆಕೃತಿ ಎಂದು ಬಿಡಿಬಿಡಿಯಾಗಿ ಕೂತಿರುತ್ತದೆ. ಆಕೃತಿಗೊಂದು ಸಂಕೇತದಂತೆ ಬದಲಾಯಿಸುತ್ತ ಹೋದರೆ ಯುನಿಕೋಡ್‌ನಲ್ಲೂ ಎಕಾರ, ಊಕಾರ ಎಂಬ ಎರಡು ಸಂಕೇತಗಳು ಬಂದು ನಿಲ್ಲುತ್ತವೆ. ಪರದೆಯ ಮೇಲೆ ನೋಡಲು ಅದು ಸರಿಯಾದ ‘ಮೊ’ ತರಹವೇ ಇರುತ್ತದೆ. ಆದರೆ ಕೀಲಿಮಣೆಯಿಂದ ‘ಶಿವಮೊಗ್ಗ’ ಎಂದು ಟೈಪು ಮಾಡಿ ಹುಡುಕಿದಾಗ ಹಲವು ಪ್ರೋಗ್ರಾಮುಗಳಲ್ಲಿ ಆ ಕಡತ ಸಿಗುವುದೇ ಇಲ್ಲ. ಎರಡು ರೂಪಗಳನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಕ್ರಿಯೆಯನ್ನು ಕೊನೆಯಲ್ಲಿ ತಪ್ಪದೆ ಮಾಡಬೇಕು. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ಗಳಲ್ಲಿ ಇದು ಭಾಷೆಯ ಜೊತೆಗೇ ಬರುತ್ತದೆ. ಗೋ ಮತ್ತು ರಸ್ಟ್‌ಗಳಲ್ಲಿ ಹೊರಗಿನ ಪ್ಯಾಕೇಜು ಸೇರಿಸಿಕೊಳ್ಳಬೇಕು.

ಅರ್ಕಾವೊತ್ತಿನ ಸ್ಥಾನವನ್ನೂ ಪರೀಕ್ಷಿಸಿ. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಯಕಾರವನ್ನು ಮೊದಲಿಟ್ಟು ಅರ್ಕಾವೊತ್ತನ್ನು ಆಮೇಲೆ ಇಡುತ್ತದೆ. ಯುನಿಕೋಡ್‌ನಲ್ಲಿ ರಕಾರ, ಹಲಂತ, ಯಕಾರ ಎಂಬುದೇ ಕ್ರಮ. ಅರ್ಕಾವೊತ್ತಿನ ಹಿಂದೆ ಗುಣಿತವೋ ಮತ್ತೊಂದು ಒತ್ತೋ ಇದ್ದಾಗ ರಕಾರವನ್ನು ಎಷ್ಟು ಹಿಂದಕ್ಕೆ ಸರಿಸಬೇಕೆಂಬುದನ್ನು ನೀವೇ ಲೆಕ್ಕ ಹಾಕಬೇಕು. ಇಂಥ ನಿಯಮಗಳನ್ನು ದಿನಕ್ಕೆ ಹತ್ತು ಸಲ ತಿದ್ದಿ ಓಡಿಸಿ ನೋಡಬೇಕಾದ ಕೆಲಸಕ್ಕೆ ಪೈಥಾನ್‌ನಷ್ಟು ಅನುಕೂಲದ ಭಾಷೆ ಕಡಿಮೆ.

ಟೂಲನ್ನು ಬೇರೆ ಸಂಘಗಳಿಗೂ ಕೊಡುವ ಆಲೋಚನೆ ಇದ್ದರೆ ಮಾತ್ರ ಗೋ ಬಗ್ಗೆ ಯೋಚಿಸಬಹುದು. ನಿಮ್ಮ ಲಿನಕ್ಸ್ ಯಂತ್ರದಲ್ಲೇ ಕೂತು ವಿಂಡೋಸ್‌ಗೆ ಬೇಕಾದ ಒಂದೇ ಫೈಲನ್ನು ಅದು ತಯಾರಿಸಿಕೊಡುತ್ತದೆ, ಪೆನ್‌ಡ್ರೈವಿನಲ್ಲಿ ಒಯ್ದು ಓಡಿಸಿದರೆ ಆಯಿತು. ಆದರೆ ಕೆಲವು ಕಚೇರಿಗಳಲ್ಲಿ ಇನ್ನೂ ವಿಂಡೋಸ್ 7 ಉಳಿದಿದೆ. ಗೋದ 1.21ನೆಯ ಆವೃತ್ತಿಯಿಂದ, ರಸ್ಟ್‌ನ 1.78ನೆಯ ಆವೃತ್ತಿಯಿಂದ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ಪೈಥಾನ್‌ನಲ್ಲಿ 3.8 ವಿಂಡೋಸ್ 7ರಲ್ಲಿ ಓಡುವ ಕೊನೆಯ ಆವೃತ್ತಿ. ಯಂತ್ರ ಯಾವುದಿದೆ ಎಂದು ವಿಚಾರಿಸದೆ ಭಾಷೆ ನಿರ್ಧರಿಸಬೇಡಿ.

ಪ್ರಶ್ನೆ: ಭದ್ರಾವತಿಯಿಂದ ಬರೆಯುತ್ತಿದ್ದೇನೆ. ನಮ್ಮ ಪ್ರಾಜೆಕ್ಟ್ ಕಂಪೈಲ್ ಆಗಲು ಬಹಳ ಹೊತ್ತು ಬೇಕು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಬೇಗ ಆದೀತೇ?

ಉತ್ತರ: ಆಗುವುದಿಲ್ಲ. ಒಂದೇ ಬಗೆಯ ಲೆಕ್ಕವನ್ನು ಸಾವಿರಾರು ಅಂಕಿಗಳ ಮೇಲೆ ಏಕಕಾಲದಲ್ಲಿ ಮಾಡುವುದು ಗ್ರಾಫಿಕ್ಸ್ ಕಾರ್ಡಿನ ಶಕ್ತಿ. ಕಂಪೈಲರ್ ಮಾಡುವುದು ಹೆಜ್ಜೆಗೊಂದು ಕವಲೊಡೆಯುವ ಕೆಲಸ, ಅದು ನಡೆಯುವುದು ಪ್ರೊಸೆಸರಿನಲ್ಲಿ. ಆ ಹಣವನ್ನು ಹೆಚ್ಚು ಕೋರ್ ಇರುವ ಪ್ರೊಸೆಸರ್, ಸಾಕಷ್ಟು ರ‍್ಯಾಮ್ ಮತ್ತು ಒಳ್ಳೆಯ ಎಸ್‌ಎಸ್‌ಡಿಗೆ ಹಾಕಿ. ವಿಂಡೋಸ್ ಬಳಸುತ್ತಿದ್ದರೆ ಆಂಟಿವೈರಸ್ ಪ್ರತಿಯೊಂದು ಸಣ್ಣ ಫೈಲನ್ನೂ ತೆರೆದು ನೋಡುತ್ತಿದೆಯೇ ಎಂದು ಮೊದಲು ಪರಿಶೀಲಿಸಿ. ಹಲವು ಸಲ ಅಲ್ಲೇ ಅರ್ಧ ಹೊತ್ತು ಹೋಗುತ್ತಿರುತ್ತದೆ.

ಪ್ರಶ್ನೆ: ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿ ನನ್ನದು. ಕಾರ್ಡ್ ಎಂದರೆ ಎನ್‌ವಿಡಿಯಾ ಎಂದೇ ಗಿರಾಕಿಗಳು ಕೇಳುತ್ತಾರೆ. ಎಎಂಡಿ, ಇಂಟೆಲ್ ಕಾರ್ಡುಗಳು ಕಡಿಮೆ ಬೆಲೆಗೆ ಹೆಚ್ಚು ಮೆಮೊರಿ ಕೊಟ್ಟರೂ ಏಕೆ ಮಾರಾಟವಾಗುವುದಿಲ್ಲ? ಪೈಪೋಟಿ ಇದ್ದರೂ ಬೆಲೆ ಏಕೆ ಇಳಿಯುವುದಿಲ್ಲ?

ಉತ್ತರ: ನೀವು ಕಂಡದ್ದು ದುರ್ಗಿಗುಡಿಯ ಮಾತಷ್ಟೇ ಅಲ್ಲ. 2025ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಎನ್‌ವಿಡಿಯಾದ ಪಾಲು ಶೇ 90ನ್ನು ದಾಟಿತ್ತು. ಒಂದು ಕಾಲಕ್ಕೆ ಈ ರಂಗದಲ್ಲಿ ಹಲವು ಕಂಪನಿಗಳಿದ್ದವು. ಹೆಸರಾಂತ ತ್ರೀಡಿಎಫ್‌ಎಕ್ಸ್‌ನ ಆಸ್ತಿಯನ್ನು ಎನ್‌ವಿಡಿಯಾ 2000ದ ಕೊನೆಯಲ್ಲಿ ಕೊಂಡಿತು, ಕೆನಡಾದ ಎಟಿಐಯನ್ನು 2006ರಲ್ಲಿ ಎಎಂಡಿ ಕೊಂಡಿತು. ಅಲ್ಲಿಂದ ಬಹುಕಾಲ ಇಬ್ಬರದೇ ಕಣ. ಇಂಟೆಲ್ 1998ರಲ್ಲೇ ಒಮ್ಮೆ ಪ್ರಯತ್ನಿಸಿ ಹಿಂದೆ ಸರಿದಿತ್ತು, 2009ರಲ್ಲಿ ಲಾರಬೀ ಎಂಬ ಯೋಜನೆಯ ಗ್ರಾಫಿಕ್ಸ್ ಕಾರ್ಡನ್ನು ಮಾರುಕಟ್ಟೆಗೆ ತರುವ ಮೊದಲೇ ಕೈಬಿಟ್ಟಿತ್ತು. 2022ರಲ್ಲಿ ಆರ್ಕ್ ಸರಣಿಯೊಡನೆ ಮತ್ತೆ ಬಂತು.

ಈ ಮಾರುಕಟ್ಟೆಯ ಬೀಗ ಇರುವುದು ಚಿಪ್ಪಿನಲ್ಲಿ ಅಲ್ಲ, ಡೆವಲಪರ್ ಟೂಲ್‌ಗಳಲ್ಲಿ. ಇದು ನನ್ನ ದೃಢವಾದ ಅಭಿಪ್ರಾಯ. 2007ರಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನಿಂದ ಬೇರೆ ಲೆಕ್ಕಗಳನ್ನೂ ಮಾಡಿಸಲು ಕ್ಯುಡಾ ಎಂಬ ವ್ಯವಸ್ಥೆಯನ್ನು ಹೊರತಂದಿತು. ಸಿ ಮತ್ತು ಸಿ ಪ್ಲಸ್‌ಪ್ಲಸ್ ಭಾಷೆಗೆ ಕೆಲವೇ ಸೇರ್ಪಡೆಗಳು, ಒಂದು ಕಂಪೈಲರ್, ಡೀಬಗ್ಗರ್, ಗಣಿತದ ಲೈಬ್ರರಿಗಳು ಎಲ್ಲವೂ ಅದರಲ್ಲಿದ್ದವು. ಆಟ ಆಡಲು ಕೊಂಡ ಅಗ್ಗದ ಕಾರ್ಡಿನಲ್ಲೂ ಅದು ಓಡುತ್ತಿದ್ದುದರಿಂದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅದನ್ನು ಕಲಿತರು. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿದ ಅಲೆಕ್ಸ್‌ನೆಟ್ ಎಂಬ ನ್ಯೂರಲ್ ಜಾಲವನ್ನು ಟೊರೊಂಟೊದ ಸಂಶೋಧಕರು ತರಬೇತುಗೊಳಿಸಿದ್ದು ತಲಾ 3 ಜಿಬಿ ಮೆಮೊರಿಯ ಎರಡು ಜಿಟಿಎಕ್ಸ್ 580 ಕಾರ್ಡುಗಳಲ್ಲಿ. ಸಸಿ ನೆಟ್ಟು ವರ್ಷಗಟ್ಟಲೆ ಗೊಬ್ಬರ ಹಾಕಿ ಕಾದ ಅಡಿಕೆ ತೋಟ ಫಲ ಕೊಡಲು ತೊಡಗಿದಂತೆ, ಅಲ್ಲಿಂದಾಚೆ ಕೃತಕ ಬುದ್ಧಿಮತ್ತೆಯ ಬಹುತೇಕ ಬರವಣಿಗೆ ಕ್ಯುಡಾದ ಮೇಲೆಯೇ ನಡೆಯಿತು.

ಎಎಂಡಿ 2016ರಲ್ಲಿ ರಾಕ್‌ಎಂ ಎಂಬ ತನ್ನ ವ್ಯವಸ್ಥೆಯನ್ನು ತಂದಿತು. ಅದರ ಹಿಪ್ ಎಂಬ ಭಾಗವನ್ನು ನೋಡಿದರೆ ಪರಿಸ್ಥಿತಿ ಸ್ಪಷ್ಟವಾಗುತ್ತದೆ. ಕ್ಯುಡಾದಲ್ಲಿ ಕಾರ್ಡಿನ ಮೆಮೊರಿ ಪಡೆಯುವ ಕಾರ್ಯದ ಹೆಸರು ಕ್ಯುಡಾಮ್ಯಾಲಕ್ ಎಂದಿದ್ದರೆ ಇಲ್ಲಿ ಹಿಪ್‌ಮ್ಯಾಲಕ್; ಹೆಸರಿನ ಮೊದಲ ಭಾಗ ಬದಲಾದರೆ ಹೆಚ್ಚಿನ ಕೋಡು ಹಾಗೆಯೇ ಕಂಪೈಲ್ ಆಗಲೆಂದು ಬೇಕೆಂದೇ ಹೀಗೆ ರೂಪಿಸಿದ್ದಾರೆ. ಎದುರಾಳಿಯ ಟೂಲಿನ ರೂಪವನ್ನೇ ಅನುಸರಿಸಬೇಕಾಗಿ ಬಂದದ್ದು ಆ ಟೂಲ್ ಎಷ್ಟು ಬೇರುಬಿಟ್ಟಿದೆ ಎಂಬುದಕ್ಕೆ ಸಾಕ್ಷಿ. ಇದಕ್ಕೆ ಹೊರತಾದ ದಾರಿಯೂ ತೆರೆಯುತ್ತಿದೆ. 2021ರಲ್ಲಿ ಓಪನ್‌ಎಐ ಹೊರತಂದ ಟ್ರೈಟನ್ ಭಾಷೆಯಲ್ಲಿ ಪೈಥಾನ್ ಹಾಗೆ ಬರೆದ ಕೋಡು ಎನ್‌ವಿಡಿಯಾ ಮತ್ತು ಎಎಂಡಿ ಎರಡರಲ್ಲೂ ಓಡುತ್ತದೆ. ನಿಜವಾದ ಪೈಪೋಟಿ ಬರುವುದಾದರೆ ಇಂಥ ಕಡೆಯಿಂದಲೇ ಬರಬೇಕು.

ಬೆಲೆ ಇಳಿಯದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಎನ್‌ವಿಡಿಯಾ, ಎಎಂಡಿ, ಆರ್ಕ್ ಮೂರರ ಇಂದಿನ ಚಿಪ್ಪುಗಳೂ ತೈವಾನಿನ ಟಿಎಸ್‌ಎಂಸಿಯಲ್ಲೇ ತಯಾರಾಗುತ್ತವೆ. ಮಾರುವವರು ಮೂವರಿದ್ದರೂ ಕುಲುಮೆ ಒಂದೇ. ಅಲ್ಲಿಯ ಸಾಮರ್ಥ್ಯಕ್ಕೆ ದತ್ತಾಂಶ ಕೇಂದ್ರಗಳ ಬೇಡಿಕೆಯೂ ಸೇರಿದೆ. 2025ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಎನ್‌ವಿಡಿಯಾದ ಸುಮಾರು 130 ಬಿಲಿಯನ್ ಡಾಲರ್ ವರಮಾನದಲ್ಲಿ 115 ಬಿಲಿಯನ್ ದತ್ತಾಂಶ ಕೇಂದ್ರಗಳಿಂದ ಬಂತು, ಆಟದ ಕಾರ್ಡುಗಳಿಂದ ಬಂದದ್ದು 11 ಬಿಲಿಯನ್ ಚಿಲ್ಲರೆ. ಹೀಗಿರುವಾಗ ನಿಮ್ಮ ಗಿರಾಕಿಗಾಗಿ ಬೆಲೆ ಇಳಿಸುವ ಒತ್ತಡ ಆ ಕಂಪನಿಗೆ ಇಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳೂ ತುಟ್ಟಿಯಾದವು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಗ್ರಾಹಕರಿಗೆ ನೇರ ಮಾರುವ ತನ್ನ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ ಇಂಟೆಲ್‌ನಲ್ಲಿ 5 ಬಿಲಿಯನ್ ಡಾಲರ್ ಹೂಡುವುದಾಗಿ ಪ್ರಕಟಿಸಿದ್ದನ್ನೂ ಇದರ ಜೊತೆಗಿಟ್ಟು ನೋಡಿ. ಮೂರನೆಯ ಸ್ಪರ್ಧಿ ಮೊದಲನೆಯವನ ಹಣ ಪಡೆಯುವ ಸ್ಥಿತಿ ಗ್ರಾಹಕನಿಗೆ ಒಳ್ಳೆಯದೆಂದು ನಾನು ನಂಬುವುದಿಲ್ಲ.

ಹಾಗೆಂದು ಪೈಪೋಟಿಯ ಫಲ ಇಲ್ಲವೇ ಇಲ್ಲ ಎನ್ನಲಾಗದು. 2024ರ ಡಿಸೆಂಬರ್‌ನಲ್ಲಿ ಇಂಟೆಲ್ 12 ಜಿಬಿಯ ಆರ್ಕ್ ಬಿ580 ಕಾರ್ಡನ್ನು 249 ಡಾಲರಿಗೆ ತಂದಿತು. 2025ರ ಜೂನ್‌ನಲ್ಲಿ ಎಎಂಡಿ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿಯನ್ನು 349 ಡಾಲರಿನ ಘೋಷಿತ ಬೆಲೆಯಲ್ಲಿ ಬಿಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060ಗೆ 299 ಡಾಲರ್, ಮೆಮೊರಿ 8 ಜಿಬಿ ಮಾತ್ರ. ಇವು ತೆರಿಗೆ ಸೇರದ ಅಮೆರಿಕದ ಬೆಲೆಗಳು. ಇಲ್ಲಿ ಅದರ ಮೇಲೆ ಶೇ 18ರ ಜಿಎಸ್‌ಟಿ, ಆಮದುದಾರರ ಲಾಭ, ಸಾಗಣೆ ಸೇರುತ್ತವೆ.

ಆಟಕ್ಕಾಗಿ ಕೊಳ್ಳುವ ಗಿರಾಕಿಗೆ ನೀವು ಧೈರ್ಯವಾಗಿ 16 ಜಿಬಿಯ ಎಎಂಡಿ ಕಾರ್ಡನ್ನು ತೋರಿಸಬಹುದು. ಇಂಟೆಲ್ ಕಾರ್ಡಿನ ವಿಷಯದಲ್ಲಿ ಎಚ್ಚರ ಬೇಕು. ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಹಳೆಯ ಮದರ್‌ಬೋರ್ಡಿನಲ್ಲಿ ಆರ್ಕ್ ಕಾರ್ಡಿನ ವೇಗ ಬಹಳ ಕುಸಿಯುತ್ತದೆ, ಹಳೆಯ ಪ್ರೊಸೆಸರಿನ ಜೊತೆ ಬಿ580 ತನ್ನ ಪೂರ್ಣ ಸಾಮರ್ಥ್ಯ ತೋರುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ಈಗಲೂ ಓಡಾಡುವ ಜಿಟಿಎಕ್ಸ್ 1060ರಂಥ ಕಾರ್ಡುಗಳಿಗೆ 2025ರ ಅಕ್ಟೋಬರ್ ನಂತರ ಹೊಸ ಆಟಗಳಿಗೆಂದು ಹೊಂದಿಸಿದ ಡ್ರೈವರ್ ಬರುವುದಿಲ್ಲ, ಕ್ಯುಡಾ 13 ಅವುಗಳಲ್ಲಿ ಓಡುವುದಿಲ್ಲ. ಭದ್ರತೆಯ ಪರಿಷ್ಕರಣೆಗಳು ಮಾತ್ರ ಇನ್ನೂ ಕೆಲವು ವರ್ಷ ಸಿಗುತ್ತವೆ. ಗಿರಾಕಿಗೆ ಇದನ್ನು ಮೊದಲೇ ತಿಳಿಸಿ ಮಾರಿ.

ಪ್ರಶ್ನೆ: ನಾವು ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿನಿಯರು. ಸುಲಿದು ಬೇಯಿಸಿ ಒಣಗಿಸಿದ ಅಡಿಕೆಯ ಫೋಟೋ ನೋಡಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವ ಪ್ರೋಗ್ರಾಂ ಮಾಡಬೇಕೆಂದಿದ್ದೇವೆ. ನಾಲ್ವರೂ ಸೇರಿ ಕಾರ್ಡ್ ಕೊಳ್ಳಬೇಕೆ? ಎಎಂಡಿ ಆದೀತೇ? ಪೈಥಾನ್ ಬಿಟ್ಟು ಸಿ ಪ್ಲಸ್‌ಪ್ಲಸ್‌ನಲ್ಲಿ ಬರೆಯಬೇಕೆ?

ಉತ್ತರ: ಈಗಲೇ ಕೊಳ್ಳಬೇಡಿ. ಬ್ರೌಸರಿನಲ್ಲೇ ಕೋಡ್ ಓಡಿಸಲು ಬಿಡುವ ಗೂಗಲ್ ಕೋಲ್ಯಾಬ್‌ನಲ್ಲಿ 16 ಜಿಬಿ ಮೆಮೊರಿಯ ಟಿ4 ಎಂಬ ಕಾರ್ಡು, ಸಮಯದ ಮಿತಿಯೊಂದಿಗೆ, ಉಚಿತವಾಗಿ ಬಳಸಲು ಸಿಗುತ್ತದೆ. ನಿಮ್ಮ ಕೆಲಸಕ್ಕೆ ಮೊಬೈಲ್‌ನೆಟ್‌ನಂಥ ಸಣ್ಣ ಮಾದರಿ ಸಾಕು. ಅದರ ಎರಡನೆಯ ಆವೃತ್ತಿ ಸುಮಾರು 35 ಲಕ್ಷ ಅಂಕಿಗಳದ್ದು, 14 ಮೆಗಾಬೈಟಿನಷ್ಟಿರುತ್ತದೆ. ಲಕ್ಷಾಂತರ ಸಾಮಾನ್ಯ ಚಿತ್ರಗಳಿಂದ ಮೊದಲೇ ಕಲಿತಿರುವ ಆ ಮಾದರಿಯ ಕೊನೆಯ ಪದರವನ್ನಷ್ಟೇ ನಿಮ್ಮ ಅಡಿಕೆಗೆ ತಕ್ಕಂತೆ ಕಲಿಸಿದರೆ ತರಬೇತಿ ಬೇಗ ಮುಗಿಯುತ್ತದೆ, ಆಮೇಲೆ ಸಾಮಾನ್ಯ ಮೊಬೈಲಿನಲ್ಲೇ ಓಡುತ್ತದೆ.

ಕಾರ್ಡಿಗಿಂತ ಫೋಟೋಗಳ ಮೇಲೆ ನಿಮ್ಮ ಶ್ರಮ ಹೋಗಲಿ. ಅಂಗಳದ ಬಿಸಿಲಿನಲ್ಲಿ ತೆಗೆದ ಫೋಟೋಗಳಿಂದ ಕಲಿತ ಮಾದರಿ ಮಂಡಿಯ ಟ್ಯೂಬ್‌ಲೈಟಿನಡಿ ತಬ್ಬಿಬ್ಬಾಗುತ್ತದೆ, ಏಕೆಂದರೆ ಕೆಂಪಡಿಕೆಯ ಬಣ್ಣ ಬೆಳಕಿಗೆ ತಕ್ಕಂತೆ ಬೇರೆಯಾಗಿ ಕಾಣುತ್ತದೆ. ಎರಡೂ ಬೆಳಕಿನಲ್ಲಿ, ಬೇರೆ ಬೇರೆ ಫೋನುಗಳಲ್ಲಿ ತೆಗೆಯಿರಿ. ಯಾವುದು ಯಾವ ಬಗೆ ಎಂದು ಗುರುತು ಹಾಕುವ ಕೆಲಸವನ್ನು ಅಡಿಕೆ ಆರಿಸಿ ಪಳಗಿದ ಕೈಗಳಿಗೇ ಬಿಡಿ. ಇಬ್ಬರಿಂದ ಬೇರೆ ಬೇರೆಯಾಗಿ ಗುರುತು ಹಾಕಿಸಿ, ಅವರಿಬ್ಬರೂ ಒಪ್ಪದ ಅಡಿಕೆಗಳನ್ನು ಪಕ್ಕಕ್ಕಿಟ್ಟು ಚರ್ಚಿಸಿ. ಮನುಷ್ಯರೇ ಒಪ್ಪದ ಕಡೆ ಯಂತ್ರದಿಂದ ಖಚಿತ ಉತ್ತರ ಬಯಸುವುದು ನ್ಯಾಯವಲ್ಲ. ಪರೀಕ್ಷೆಗೆ ಬಳಸುವ ಫೋಟೋಗಳು ತರಬೇತಿಗೆ ಬಳಸದ ಬೇರೆಯದೇ ತೋಟದ ಅಡಿಕೆಯದಾಗಿರಲಿ. ಒಂದೇ ರಾಶಿಯ ಫೋಟೋಗಳನ್ನು ಎರಡು ಭಾಗ ಮಾಡಿ ಪರೀಕ್ಷಿಸಿದರೆ ಬರುವ ಅಂಕ ನಂಬಿಕೆಗೆ ಅರ್ಹವಲ್ಲ.

ಪೈಥಾನ್ ಬಿಡುವ ಅಗತ್ಯವಿಲ್ಲ. ಇಂಥ ಮಾದರಿಗಳನ್ನು ಕಟ್ಟಲು ಬಳಸುವ ಪೈಟಾರ್ಚ್ ಎಂಬ ಲೈಬ್ರರಿಯಲ್ಲಿ ಪೈಥಾನ್ ಅಪ್ಪಣೆ ಕೊಡುತ್ತದೆ ಅಷ್ಟೆ, ಭಾರ ಹೊರುವ ಲೆಕ್ಕವೆಲ್ಲ ಆಗಲೇ ಸಿ ಪ್ಲಸ್‌ಪ್ಲಸ್ ಮತ್ತು ಕ್ಯುಡಾದಲ್ಲಿ ಬರೆದದ್ದು. ಮುಂದೆ ಕಾರ್ಡ್ ಕೊಳ್ಳುವ ದಿನ ಬಂದರೆ, ಪೈಟಾರ್ಚ್ ಲಿನಕ್ಸ್‌ನಲ್ಲಿ ಎಎಂಡಿಯ ರಾಕ್‌ಎಂ ಜೊತೆಗೂ, 2024ರ ಅಕ್ಟೋಬರ್‌ನಲ್ಲಿ ಬಂದ 2.5ನೆಯ ಆವೃತ್ತಿಯಿಂದ ಇಂಟೆಲ್ ಕಾರ್ಡುಗಳ ಜೊತೆಗೂ ಓಡುತ್ತದೆ. ಆದರೂ ಓದುತ್ತಿರುವ ಹೊತ್ತಿನಲ್ಲಿ ಡ್ರೈವರುಗಳ ಜೊತೆ ಗುದ್ದಾಡಲು ನಿಮಗೆ ಸಮಯವಿರುವುದಿಲ್ಲ. ಅದೊಂದೇ ಕಾರಣಕ್ಕೆ, ಮಾರುಕಟ್ಟೆಯ ಬಗ್ಗೆ ಮೇಲೆ ಬರೆದದ್ದೆಲ್ಲ ನಿಜವಾಗಿದ್ದರೂ, ನಿಮಗೆ 12 ಅಥವಾ 16 ಜಿಬಿಯ ಎನ್‌ವಿಡಿಯಾ ಕಾರ್ಡನ್ನೇ ಸೂಚಿಸುತ್ತೇನೆ.

ಪ್ರಶ್ನೆ: ಹೊಸನಗರದ ಹತ್ತಿರದ ಹಳ್ಳಿ ನಮ್ಮದು. ಮಳೆಗಾಲದಲ್ಲಿ ಕರೆಂಟು ಬಂದು ಹೋಗಿ ಮಾಡುತ್ತದೆ. ಮಗನಿಗೆ ಗ್ರಾಫಿಕ್ಸ್ ಕಾರ್ಡಿರುವ ಕಂಪ್ಯೂಟರ್ ಬೇಕಂತೆ. ಕೊಡಿಸಿದರೆ ಬಾಳಿಕೆ ಬಂದೀತೇ?

ಉತ್ತರ: ಬಾಳಿಕೆ ಬರುತ್ತದೆ, ಸಿದ್ಧತೆ ಸರಿಯಿರಬೇಕು. 145 ವಾಟ್‌ನ ಆರ್‌ಟಿಎಕ್ಸ್ 5060 ಅಥವಾ 160 ವಾಟ್‌ನ ಆರ್‌ಎಕ್ಸ್ 9060 ಎಕ್ಸ್‌ಟಿಯಂಥ ಕಾರ್ಡುಗಳ ಮಟ್ಟದಲ್ಲೇ ನಿಲ್ಲಿ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು 360 ವಾಟ್. ಕಾರ್ಡ್, ಪ್ರೊಸೆಸರ್, ಮಾನಿಟರ್ ಸೇರಿ ಆಟ ಆಡುವಾಗ ಅದರ ಅಂಚಿಗೆ ಬರುತ್ತವೆ. 1000 ವಿಎ ಇದ್ದರೆ ಒಳ್ಳೆಯದು. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಆಗಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಈಗಿನ ಪವರ್ ಸಪ್ಲೈಗಳು ಕೆಲವೊಮ್ಮೆ ಕರೆಂಟು ಹೋದ ಕ್ಷಣವೇ ನಿಂತುಬಿಡುತ್ತವೆ. ಪವರ್ ಸಪ್ಲೈ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ, ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ ಜೊತೆಗೆ ಇಂಟರ್ನೆಟ್ಟಿನ ಕೇಬಲನ್ನೂ ಕಿತ್ತಿಡಿ, ಸಿಡಿಲಿನ ಪೆಟ್ಟು ಆ ತಂತಿಯಲ್ಲೂ ಬರುತ್ತದೆ. ತೇವದ ದಿನಗಳಲ್ಲಿ ಯಂತ್ರವನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಇಡದೆ, ವಾರಗಟ್ಟಲೆ ಮುಚ್ಚಿಡದೆ, ದಿನಕ್ಕೆ ಸ್ವಲ್ಪ ಹೊತ್ತಾದರೂ ಓಡಿಸುತ್ತಿರಿ. ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಯ ರಿಪೇರಿಗೆ ಅದನ್ನು ಶಿವಮೊಗ್ಗದಲ್ಲೇ ಒಪ್ಪಿಸಬಹುದೇ ಅಥವಾ ಬೆಂಗಳೂರಿಗೆ ಕಳಿಸಬೇಕೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಅಂಗಡಿಯವರಲ್ಲಿ ಕೇಳಿಕೊಳ್ಳಿ.